ಬೀಗರು ಕಳಿಸಿದ ಬಾಟಲಿ

ನನ್ನ ಕೆಲಸ ನೋಡುವುದು. ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅದೊಂದೇ ಕೆಲಸ. ಎದುರಿಗೆ ಬೆಳಕಿನ ಬಿಳಿ ಹಲಗೆ, ಅದರ ಮುಂದೆ ಬೆಲ್ಟಿನ ಮೇಲೆ ಸಾಲುಗಟ್ಟಿ ಬರುವ ಬಾಟಲಿಗಳು. ಗಾಜಿನಲ್ಲಿ ಬಿರುಕಿದೆಯೇ, ಒಳಗೆ ಕಸ ತೇಲುತ್ತಿದೆಯೇ, ಮದ್ಯ ಕತ್ತಿನ ಗೆರೆಗಿಂತ ಕೆಳಗಿದೆಯೇ ಎಂದು ನೋಡಿ, ಕೆಟ್ಟದ್ದನ್ನು ಎಡಗೈಯಿಂದ ಎತ್ತಿ ಪಕ್ಕದ ಟ್ರೇಗೆ ಹಾಕಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂದು ಗೋಡೆಯ ಮೇಲೆ ನಿಯಮ ಅಂಟಿಸಿದ್ದಾರೆ. ನನ್ನ ಕಣ್ಣು ಆ ನಿಯಮವನ್ನು ಓದಿದ ಹಾಗಿಲ್ಲ. ಮನೆಗೆ ಬಂದರೂ ನೀರಿನ ಲೋಟ, ಔಷಧಿಯ ಸೀಸೆ, ಎಣ್ಣೆಯ ಡಬ್ಬ, ಎಲ್ಲದರ ಮಟ್ಟವನ್ನೂ ನೋಡುತ್ತಲೇ ಇರುತ್ತದೆ. ನಾನು ಒಳ್ಳೆಯ ಬಾಟಲಿಗಳನ್ನೂ ಎತ್ತಿಹಾಕುತ್ತೇನೆಂದು ಸೂಪರ್‌ವೈಸರಿಗೆ ಸದಾ ತಕರಾರು. ಕೆಟ್ಟದ್ದೊಂದು ದಾಟಿಹೋಗುವುದಕ್ಕಿಂತ ಅದೇ ವಾಸಿ ಎಂದು ನಾನು ಅವನ ಬಾಯಿ ಮುಚ್ಚಿಸುತ್ತಿದ್ದೆ.

ಅದೇ ಕಂಪನಿಯಲ್ಲಿ ನನ್ನ ತಮ್ಮ ಇದ್ದ. ನನ್ನ ಹಾಗೆ ಸ್ಟೂಲಿನ ಮೇಲಲ್ಲ, ವಿಮಾನದಲ್ಲಿ. ನಮ್ಮ ಸರಕನ್ನು ಹೊರದೇಶಗಳಿಗೆ ಮಾರುವವನು ಅವನು. ಮಾರಬೇಕಾದರೆ ಕುಡಿಯಬೇಕು, ಕುಡಿಯಬೇಕಾದರೆ ಅವರವರ ಪದ್ಧತಿಯಲ್ಲೇ ಕುಡಿಯಬೇಕು. ಪ್ರತಿ ಸಲ ಬಂದಾಗಲೂ ಕಥೆ ಹೇಳಿ ನಮ್ಮನ್ನು ನಗಿಸುತ್ತಿದ್ದ. ಒಂದು ದೇಶದಲ್ಲಿ ಲೋಟ ತಾಗಿಸುವಾಗ ಎದುರಿನವರ ಕಣ್ಣನ್ನೇ ನೋಡಬೇಕಂತೆ, ಇಲ್ಲದಿದ್ದರೆ ಏಳು ವರ್ಷ ಕಷ್ಟವಂತೆ. ಇನ್ನೊಂದು ಕಡೆ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳುವುದು ಮಹಾ ಅಸಭ್ಯ. ಪಕ್ಕದವನಿಗೆ ಇವನು ಸುರಿಯಬೇಕು, ಇವನಿಗೆ ಪಕ್ಕದವನು. ಮತ್ತೊಂದು ಕಡೆ ಹಿರಿಯರ ಮುಂದೆ ಕುಡಿಯುವಾಗ ಮುಖ ಓರೆ ಮಾಡಿಕೊಳ್ಳಬೇಕು. ಎಲ್ಲೋ ಒಂದೂರಲ್ಲಿ ಮೇಜಿನ ಹಿರಿಯ ಎದ್ದು ಸತ್ತವರ ಹೆಸರಲ್ಲಿ, ಹುಟ್ಟುವವರ ಹೆಸರಲ್ಲಿ ಭಾಷಣ ಬಿಗಿಯುವವರೆಗೆ ಯಾರೂ ಲೋಟ ಮುಟ್ಟುವ ಹಾಗಿಲ್ಲ, ಮುಗಿದ ಮೇಲೆ ಯಾರೂ ಬಿಡುವ ಹಾಗಿಲ್ಲ. ಒಂದೇ ಮಡಕೆಗೆ ಹತ್ತು ಜನ ಉದ್ದನೆಯ ಕೊಳವೆ ಇಳಿಬಿಟ್ಟು ಹೀರುವ ಊರನ್ನೂ ಅವನು ಕಂಡಿದ್ದ. ಖಾಲಿ ಲೋಟ ಕಂಡರೆ ತುಂಬಿಸುವುದೇ ಮರ್ಯಾದೆ ಎನ್ನುವ ದೇಶಕ್ಕೂ ಹೋಗಿದ್ದ. ಎದುರಿಗಿಟ್ಟದ್ದನ್ನು ಮಿಗಿಸಬಾರದು ಎಂದು ನಮ್ಮಮ್ಮ ನಮಗೆ ಹೊಡೆದು ಕಲಿಸಿದ್ದಳು. ಎರಡು ಮರ್ಯಾದೆಗಳ ನಡುವೆ ಸಿಕ್ಕಿಕೊಂಡು, ಇವನು ಖಾಲಿ ಮಾಡುತ್ತ ಅವರು ತುಂಬುತ್ತ, ಕೊನೆಗೆ ನಾಲ್ಕು ಜನ ಇವನನ್ನು ಹೋಟೆಲ್ಲಿಗೆ ಹೊತ್ತು ತಂದರಂತೆ. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗಬಾರದಿತ್ತು.

ಆಮೇಲೆ ಅವನಿಗೆ ಯಾವ ದೇಶವೂ ಬೇಕಾಗಲಿಲ್ಲ, ಯಾವ ಪದ್ಧತಿಯೂ ಬೇಕಾಗಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಒಬ್ಬನೇ ಕುಡಿಯುತ್ತಿದ್ದ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗಳನ್ನು ಬೆಳೆಸಿದ್ದು ನಾನು. ಕೆಲಸ ಹೋಯಿತು, ಒಂದು ದಿನ ಮೆಟ್ಟಿಲ ಮೇಲೆ ರಕ್ತ ಕಾರಿಕೊಂಡು ಬಿದ್ದ. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಮಗಳು ಅವನ ಚಪ್ಪಲಿ ಬಿಚ್ಚುತ್ತ, ತಲೆಯನ್ನೂ ಎತ್ತದೆ ಹೇಳಿದಳು, "ಅಪ್ಪಾ, ಇನ್ನೊಂದ್ ತೊಟ್ಟು ಕುಡಿದ್ರೆ ನಿನಗೆ ಮಗಳಿಲ್ಲ ಅಂದ್ಕೋ." ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಆ ವಿಷಯದಲ್ಲಿ ನನ್ನನ್ನೇ ಹೋಲುತ್ತಾಳೆ.

ಅದಾಗಿ ಹದಿನಾಲ್ಕು ತಿಂಗಳು. ತಮ್ಮ ಒಂದು ತೊಟ್ಟು ಮುಟ್ಟಲಿಲ್ಲ. ನನಗೆ ಗೊತ್ತು, ಏಕೆಂದರೆ ಹದಿನಾಲ್ಕು ತಿಂಗಳೂ ನಾನು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ. ಅವನ ಕೋಟಿನ ಜೇಬು, ಹಾಸಿಗೆಯ ಅಡಿ, ಫ್ಲಶ್ ತೊಟ್ಟಿಯ ಒಳಗೆ, ಎಲ್ಲಾ ಕಡೆ ಮೂಗು ತೂರಿಸಿದ್ದೇನೆ.

ಮಗಳು ಕನ್ನಡಕದ ಗಾಜು ಉಜ್ಜುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಪಕ್ಕದ ಬೆಂಚಿನ ಹುಡುಗನನ್ನು ಮೆಚ್ಚಿದಳು. ಎರಡು ಗಡಿ ದಾಟಿದ ಆಚೆಯ ದೇಶದವನು. ನಮ್ಮ ಭಾಷೆಯನ್ನು ಎಡವುತ್ತ ಎಡವುತ್ತ, ನಗುತ್ತ ಮಾತಾಡುತ್ತಾನೆ. ಚಿನ್ನದಂಥ ಹುಡುಗ. ತಕರಾರು ಬಂದದ್ದು ಅವರ ಪದ್ಧತಿಯದ್ದು.

"ನಮ್ಮಲ್ಲಿ ಮಾತು ಕೊಡೋದು ಅಂದ್ರೆ ಬಾಟಲಿ," ಎಂದು ಅವನು ನಮ್ಮ ಅಡುಗೆಮನೆಯಲ್ಲಿ ಕೂತು ವಿವರಿಸಿದ. "ನಮ್ಮಪ್ಪ ಮನೇಲೇ ಹಣ್ಣಿಂದ ಇಳಿಸಿದ್ದು. ಅಮ್ಮ ಅದಕ್ಕೆ ದಾರ ಸುತ್ತಿ ಅರಗು ಹಾಕ್ತಾಳೆ. ಮೂರು ದಿನ ಮುಂಚೆ ಹುಡುಗಿ ಮನೆಗೆ ಕಳಿಸ್ತೀವಿ, ಯಾರೂ ತೆಗೀಬಾರದು. ಆ ದಿನ ತೆಗೆದು ಒಂದೇ ಬಟ್ಟಲಲ್ಲಿ ಮೊದಲು ಹುಡುಗಿ ಅಪ್ಪ ಅರ್ಧ, ಆಮೇಲೆ ನಮ್ಮಪ್ಪ ಅರ್ಧ. ಮುಗೀತು."

"ಕುಡೀದೆ ಇದ್ದರೆ?" ಎಂದೆ.

ಅವನು ಭುಜ ಕುಣಿಸಿದ. ಹಾಗೂ ಒಬ್ಬರು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಗುರುವಾರ ಮಧ್ಯಾಹ್ನ ಬಾಟಲಿ ಬಂತು. ಹಲಗೆಯ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ನಡುವೆ. ಅಗಲವಾದ ತಳ, ಗಿಡ್ಡ ಕತ್ತು, ಕೆಂಪು ದಾರ, ಕಪ್ಪು ಅರಗು. ಒಳಗಿನದು ಜೇನಿನ ಬಣ್ಣದ್ದು. ಮಗಳು ಅದನ್ನು ನಡುಮನೆಯ ಕಪಾಟಿನ ಮೇಲಿಟ್ಟಳು. ಎಲ್ಲರ ಕಣ್ಣಿಗೂ ಕಾಣುವ ಕಡೆ ಇಡಬೇಕಂತೆ, ಅದೂ ಪದ್ಧತಿ. ಹದಿನಾಲ್ಕು ತಿಂಗಳು ಕೆಮ್ಮಿನ ಸಿರಪ್ಪನ್ನೂ ಲೇಬಲ್ ಓದದೆ ಒಳಗೆ ಬಿಡದ ಮನೆ ನಮ್ಮದು. ಈಗ ನಡುಮನೆಯಲ್ಲಿ ಒಂದು ಬಾಟಲಿ ದೊರೆಯ ಹಾಗೆ ಕೂತಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಾರ್ಖಾನೆಯಲ್ಲಿ ಗಾಜಿಗೆ ಗುರುತು ಹಾಕುವ ಮೇಣದ ಪೆನ್ಸಿಲ್ಲಿನಿಂದ ಅದರ ಮಟ್ಟಕ್ಕೆ ಒಂದು ಸಣ್ಣ ಗೆರೆ ಹಾಕಿದೆ. ಪಾತ್ರೆ ತೊಳೆಯುತ್ತ ಎರಡು ಸಲ ಬಂದು ನೋಡಿದೆ. ಬಟ್ಟೆ ಒಣಹಾಕಲು ಹೋದವಳು ಅರ್ಧಕ್ಕೆ ಬಿಟ್ಟು ಬಂದು ನೋಡಿದೆ. ಮಟ್ಟ ಇದ್ದಲ್ಲೇ ಇತ್ತು. ಶುಕ್ರವಾರ ಪಾಳಿ ಮುಗಿಸಿ ಬಂದಾಗ ತಮ್ಮ ಅದರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದ.

"ಏನ್ ಮಾಡ್ತಿದೀಯ?"

"ನೋಡ್ತಾ ಇದ್ದೆ ಅಷ್ಟೇ."

"ಭಾನುವಾರ ಏನ್ ಮಾಡ್ತೀಯ?"

"ನಾನು ನೋಡ್ಕೋತೀನಿ ಬಿಡಕ್ಕ. ನೀನು ಸುಮ್ನಿರು."

ನಾನು ನೋಡ್ಕೋತೀನಿ. ಕೆಲಸ ಹೋಗುವ ಮುಂಚೆಯೂ ಇದನ್ನೇ ಹೇಳಿದ್ದ, ಮೆಟ್ಟಿಲ ಮೇಲೆ ಬೀಳುವ ವಾರವೂ ಇದನ್ನೇ. ಅವನು ಎದ್ದು ಅಂಗಿ ಬದಲಿಸಿಕೊಂಡು, ಎಲ್ಲಿಗೆಂದು ಹೇಳದೆ ಹೊರಗೆ ಹೋದ. ಕತ್ತಲಾಗುವ ಮುಂಚೆ ಬಂದ. ಬಾಯಲ್ಲಿ ಪುದೀನದ ಪೆಪ್ಪರ್‌ಮೆಂಟು.

ಪೆಪ್ಪರ್‌ಮೆಂಟು ಅವನ ಹಳೆಯ ಪರದೆ. ನಾನು ಕೋಟು ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಉಸಿರು ಎಳೆದುಕೊಂಡೆ. ಪುದೀನ ಬಿಟ್ಟು ಬೇರೇನೂ ಸಿಗಲಿಲ್ಲ. ಸಿಗದಿರಲಿ ಎಂದೇ ಅಲ್ಲವೇ ಅದನ್ನು ತಿನ್ನುವುದು? ಅವನು ನನ್ನ ಮುಖ ನೋಡಿ ಏನೋ ಹೇಳಲು ಬಂದವನು ಹೇಳದೆ ಕೋಣೆಗೆ ಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾನುವಾರ ಅವನು ಅರ್ಧ ಬಟ್ಟಲು ಕುಡಿದರೆ ಸೋಮವಾರಕ್ಕೆ ಅವನಿಲ್ಲ, ಮಗಳೂ ಇಲ್ಲ. ಕುಡಿಯದಿದ್ದರೆ ಮದುವೆಯಿಲ್ಲ. ಎರಡರಲ್ಲಿ ಯಾವುದಾದರೂ ನನ್ನ ಮನೆ ಮುರಿಯುತ್ತದೆ. ಹಾಗಾಗಿ ಮೂರನೆಯದನ್ನು ನಾನೇ ಮಾಡಿದೆ.

ಶನಿವಾರ ಮಧ್ಯಾಹ್ನ ಅಪ್ಪ ಮಗಳು ಬಟ್ಟೆ ತರಲು ಪೇಟೆಗೆ ಹೋದರು. ನಾನು ಬಾಗಿಲು ಹಾಕಿ, ತೆಳುವಾದ ಚಾಕುವನ್ನು ಒಲೆಯ ಮೇಲೆ ಕಾಯಿಸಿ, ಅರಗಿನ ಅಡಿಗೆ ತೂರಿಸಿದೆ. ಮುದ್ರೆ ಮುರಿಯದೆ ಟೋಪಿಯ ಹಾಗೆ ಇಡಿಯಾಗಿ ಮೇಲೆದ್ದಿತು. ದಾರದ ಗಂಟನ್ನು ಬಿಚ್ಚುವ ಮುಂಚೆ ಕಾಗದದ ಮೇಲೆ ಬರೆದಿಟ್ಟುಕೊಂಡೆ. ಒಳಗಿನದನ್ನು ತೊಳೆದಿಟ್ಟ ವಿನೆಗರ್ ಬಾಟಲಿಗೆ ಸುರಿದು ನನ್ನ ಬೀರುವಿನಲ್ಲಿ ಸ್ವೆಟರುಗಳ ಹಿಂದೆ ಮುಚ್ಚಿಟ್ಟೆ. ಆಮೇಲೆ ಸಕ್ಕರೆ ಸುಟ್ಟು ಕುದಿಸಿದ ನೀರಿಗೆ ಬಿಟ್ಟೆ. ನಮ್ಮ ಕಾರ್ಖಾನೆಯಲ್ಲೂ ಬಣ್ಣಕ್ಕೆ ಹಾಕುವುದು ಅದನ್ನೇ. ಮೂರು ಸಲ ಬಟ್ಟೆಯಲ್ಲಿ ಸೋಸಿ, ಪೆನ್ಸಿಲ್ ಗೆರೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ತುಂಬಿದೆ. ವಾಸನೆಗೆ ಬಿರಡೆಯನ್ನು ಮಾತ್ರ ಅಸಲಿಯಲ್ಲಿ ಅದ್ದಿದೆ. ಬರೆದಿಟ್ಟ ಹಾಗೆಯೇ ದಾರ ಗಂಟು ಹಾಕಿ, ಅರಗಿನ ಟೋಪಿಯ ಅಡಿಯನ್ನು ಕಾಯಿಸಿ ಮತ್ತೆ ಅಂಟಿಸಿದೆ. ಕಿಟಕಿಗೆ ಹಿಡಿದು ನೋಡಿದರೆ ಒಂದು ಕಣ ಇಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯಾಯಿತು.

ಬೀಗ ಕುಡಿದಾಗ ರುಚಿ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಮೊದಲು ಕುಡಿಯುವವನು ನನ್ನ ತಮ್ಮ. ಅವನು ನೀರು ಎಂದು ತಿಳಿದು ಬದುಕಿದೆ ಎಂದುಕೊಳ್ಳುತ್ತಾನೆ. ಆಮೇಲೆ ಬೀಗ. ತಮ್ಮದೇ ಮನೆಯಿಂದ ಬಂದ ಬಾಟಲಿಯಲ್ಲಿ ಸಕ್ಕರೆ ನೀರಿದೆ ಎಂದು ತುಂಬಿದ ಸಭೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿಕೊಂಡಾರೆಯೇ? ನುಂಗಿ ಸುಮ್ಮನಾಗುತ್ತಾರೆ. ನನ್ನ ಲೆಕ್ಕ ಇಷ್ಟು.

ಭಾನುವಾರ ಹನ್ನೊಂದಕ್ಕೆ ಅವರು ಬಂದರು. ಬೀಗ ಎತ್ತರದ ಆಳು, ಪೊದೆಯಂಥ ಹುಬ್ಬು, ಬಾಗಿಲಲ್ಲಿ ತಲೆ ಬಗ್ಗಿಸಿ ಬಂದರು. ಬೀಗಿತ್ತಿ ದುಂಡಗೆ, ಪುಟ್ಟಗೆ, ಒಂದು ಕಡೆ ನಿಲ್ಲದ ಹೆಂಗಸು. ಬಂದವಳೇ ನನ್ನ ಎರಡು ಕೆನ್ನೆಗೂ ಮುತ್ತು ಕೊಟ್ಟಳು. ಅವರ ಕಡೆ ಆರು ಜನ, ನಮ್ಮ ಕಡೆ ನಾವು ಮೂವರಲ್ಲದೆ ಅಕ್ಕಪಕ್ಕದವರು ಹತ್ತು. ಮಾತಿಗೆ ಸೇತುವೆ ಹುಡುಗ ಒಬ್ಬನೇ. ಪಾಪ, ಬೆವರಿಹೋಗಿದ್ದ.

ಬೀಗಿತ್ತಿ ಕೈಚೀಲದಿಂದ ಒಂದು ದುಂಡನೆಯ ತಗಡಿನ ಡಬ್ಬಿ ತೆಗೆದು ಎಲ್ಲರಿಗೂ ಹಂಚುತ್ತ ಬಂದಳು. ನಾನೂ ಒಂದು ತೆಗೆದು ಬಾಯಿಗೆ ಹಾಕಿಕೊಂಡೆ. ಪುದೀನದ ಪೆಪ್ಪರ್‌ಮೆಂಟು. ತಮ್ಮನ ಮುಂದೆ ಹಿಡಿದಾಗ ಅವಳು ಹಳೆಯ ಪರಿಚಯದವಳ ಹಾಗೆ ನಕ್ಕು ಎರಡು ಕೊಟ್ಟಳು. ಇವರಿಬ್ಬರು ಯಾವಾಗ ಭೇಟಿಯಾದರು? ಕೇಳಲು ಹೊತ್ತಿರಲಿಲ್ಲ, ಮಗಳು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟಳು.

ಬೀಗಿತ್ತಿ ಅರಗು ಒಡೆದಳು, ದಾರ ಬಿಚ್ಚಿದಳು. ಏನೂ ಗೊತ್ತಾಗಲಿಲ್ಲ. ಬೀಗ ಬಿರಡೆ ಮೂಸಿ ತಲೆದೂಗಿದರು. ನನಗೆ ಅರ್ಧ ಜೀವ ಬಂದ ಹಾಗಾಯಿತು. ಆಮೇಲೆ ಅವರು ಜೇಬಿನಿಂದ ಅಂಗೈಯಗಲದ ಒಂದು ಕಂಚಿನ ತಟ್ಟೆ ತೆಗೆದರು. ಅದಕ್ಕೆ ಬಾಟಲಿಯಿಂದ ಒಂದು ಚಮಚದಷ್ಟು ಬಿಟ್ಟು, ಬೆಂಕಿಪೊಟ್ಟಣ ತೆಗೆದರು.

"ಇದೇನು?" ಎಂದು ಹುಡುಗನ ಕಿವಿಯಲ್ಲಿ ಕೇಳಿದೆ.

"ಓ, ಇದಾ? ಹೇಳ್ಲಿಲ್ವಾ? ಮೊದಲು ಬೆಂಕಿಗೆ ಕೊಡ್ತೀವಿ. ನೀಲಿಯಾಗಿ ಹತ್ಕೊಳ್ಳತ್ತೆ. ಅದೇ ಸಾಕ್ಷಿ, ಆಮೇಲೇ ಕುಡಿಯೋದು."

ಹುಟ್ಟಿದಾಗಿನಿಂದ ನೋಡಿದ್ದನ್ನು ಹೇಳಬೇಕೆಂದು ಯಾರಿಗೆ ನೆನಪಾಗುತ್ತದೆ.

ಮೊದಲ ಕಡ್ಡಿ ತಟ್ಟೆಯಲ್ಲಿ ಚುಸ್ ಎಂದು ಆರಿತು. ಬೀಗ ನಕ್ಕರು, ಕಡ್ಡಿ ತೇವವಾಗಿದೆ ಎನ್ನುವ ಹಾಗೆ ಪೊಟ್ಟಣ ಅಲ್ಲಾಡಿಸಿದರು. ಎರಡನೆಯದೂ ಆರಿತು. ಮೂರನೆಯದನ್ನು ನೀರಿಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ, ಬೆರಳು ಸುಡುವವರೆಗೆ ಹಿಡಿದರು. ಆಮೇಲೆ ತಟ್ಟೆಯಲ್ಲಿ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಮೆಲ್ಲಗೆ ತಟ್ಟೆಯನ್ನು ಕೆಳಗಿಟ್ಟರು. ಬೀಗಿತ್ತಿಯ ಕಣ್ಣು ತುಂಬಿತು. ಅವರ ಕಡೆಯ ಮುದುಕಿಯೊಬ್ಬಳು ಏನೋ ಒಂದು ಮಾತು ಅಂದಳು. ಹುಡುಗ ಅದನ್ನು ನಮ್ಮ ಭಾಷೆಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ. ಮೂರು ದಿನ ಬಾಟಲಿ ಇದ್ದ ಮನೆ ಇದು. ಒಳಗಿದ್ದದ್ದು ಹೋಗಿ ನೀರು ಬಂದಿದೆ. ಯಾರ ಹೊಟ್ಟೆಗೆ ಹೋಗಿರಬಹುದೆಂದು ನಮ್ಮ ಕಡೆಯ ಹತ್ತು ಜನಕ್ಕೂ ಗೊತ್ತಿತ್ತು. ಹತ್ತು ತಲೆಗಳೂ ನನ್ನ ತಮ್ಮನ ಕಡೆ ತಿರುಗಿದವು.

ಮಗಳ ತಲೆ ಎಲ್ಲಕ್ಕಿಂತ ಮೊದಲು ತಿರುಗಿತು.

"ನಾನು ಕುಡಿದಿಲ್ಲ," ಎಂದ ತಮ್ಮ.

ಈ ಮಾತನ್ನು ಆ ಮನೆಯಲ್ಲಿ ಅವನು ನೂರು ಸಲ ಹೇಳಿದ್ದಾನೆ, ನೂರು ಸಲವೂ ಕುಡಿದೇ ಹೇಳಿದ್ದಾನೆ. ನೂರಾ ಒಂದನೆಯದು ಬೇರೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಅಳಲಿಲ್ಲ, ಕೂಗಲಿಲ್ಲ. ಬೆರಳಲ್ಲಿದ್ದ, ಆವತ್ತಿಗೆಂದು ಅಪ್ಪ ಕೊಡಿಸಿದ್ದ ಉಂಗುರವನ್ನು ತೆಗೆದು ಬಾಟಲಿಯ ಪಕ್ಕಕ್ಕಿಟ್ಟಳು.

ತಮ್ಮ ಬಾಟಲಿಯನ್ನು ನೋಡಿದ. ಮೇಜಿನ ಮೇಲೆ ಬಿದ್ದಿದ್ದ ಅರಗಿನ ಚೂರನ್ನು ಎತ್ತಿ ಅದರ ಅಡಿಭಾಗವನ್ನು ನೋಡಿದ. ಅಲ್ಲಿ ಚಾಕು ಆಡಿದ ನುಣುಪು ಇತ್ತು. ಆಮೇಲೆ ನನ್ನನ್ನು ನೋಡಿದ. ಇಷ್ಟು ಚೊಕ್ಕ ಕೆಲಸ ಆ ಮನೆಯಲ್ಲಿ ಯಾರದೆಂದು ಅವನಿಗೆ ಗೊತ್ತು. ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅವನು ಸುಮ್ಮನೆ ನಿಂತ.

ನಾನೂ ಸುಮ್ಮನಿದ್ದೆ. ಎಷ್ಟು ಹೊತ್ತೆಂದು ಹೇಳಲಾರೆ, ಆದರೆ ಇದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹದಿನಾರು ಜನರ ಮುಂದೆ ಬಾಯಿಬಿಡಲು ನನಗೆ ಹೆದರಿಕೆಯಾಯಿತು. ಅವನು ನನ್ನ ಹೆಸರು ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ಮಗಳನ್ನು ಕಳೆದುಕೊಳ್ಳುತ್ತ ನಿಂತಿದ್ದವನು ಅಕ್ಕನ ಮಾನ ಕಾಯುತ್ತಿದ್ದ. ಇಂಥವನನ್ನು ನಾನು ಹದಿನಾಲ್ಕು ತಿಂಗಳು ಮೂಸುತ್ತ ತಿರುಗಿದ್ದೆ.

ಒಳಗೆ ಹೋಗಿ ಬೀರು ತೆಗೆದು ವಿನೆಗರ್ ಬಾಟಲಿಯನ್ನು ತಂದು ಮೇಜಿನ ಮೇಲೆ ಕುಕ್ಕಿದೆ.

"ನಾನು ಮಾಡಿದ್ದು," ಎಂದೆ. "ನಿನ್ನೆ ಮಧ್ಯಾಹ್ನ ಬದಲಾಯಿಸ್ದೆ. ಇವನು ಮುಟ್ಟಿಲ್ಲ. ಇವನು ಕುಡೀತಾನೆ ಅಂತ ನಂಗೆ ಭಯ ಇತ್ತು. ಅಳೆದು ನೋಡಿ, ತೊಟ್ಟೂ ಕಮ್ಮಿಯಿಲ್ಲ. ಹೇಳಪ್ಪ ಅವರಿಗೆ, ಒಂದೂ ಬಿಡದೆ ಹೇಳು."

ಹುಡುಗ ಹೇಳಿದ. ಬೀಗರ ಹುಬ್ಬುಗಳು ಒಂದೊಂದು ಮಾತಿಗೂ ಮೇಲೇರುತ್ತ ಹೋದವು. ಅವರು ಬಹಳ ಹೊತ್ತು ಮಾತಾಡಿದರು. ಹುಡುಗ ನನ್ನ ಕಡೆ ನೋಡದೆ, ನೆಲ ನೋಡುತ್ತ ತಿರುಗಿಸಿದ.

"ಅಪ್ಪ ಹೇಳ್ತಿದಾರೆ, ಅವರು ಊರಿಗೆ ಬಂದಿಳಿದ ಶುಕ್ರವಾರವೇ ಇವರು ನಮ್ಮ ರೂಮಿಗೆ ಬಂದಿದ್ರು. ನಾನು ಕುಡುಕ, ಬಿಟ್ಟಿದೀನಿ, ಭಾನುವಾರ ನನ್ನ ಕೈಲಾಗಲ್ಲ, ಬೇಕಾದ್ರೆ ಮಾತು ಮುರೀರಿ ಅಂತ ಹೇಳಿದ್ರು. ಅಪ್ಪ ಯೋಚನೆ ಮಾಡಿ, ಸುರಿಯೋದು ನೀವು, ಎರಡು ಅರ್ಧನೂ ನಾನೇ ಕುಡೀತೀನಿ ಅಂದ್ರು. ಹೀಗೂ ಮಾಡಬಹುದು, ಅಜ್ಜನ ಕಾಲದಲ್ಲಿ ಮಾಡಿದ್ರಂತೆ. ಮಗಳಿಗೆ ನಾನೇ ಎಲ್ಲರ ಮುಂದೆ ಹೇಳ್ತೀನಿ, ನೀನು ಹೇಳ್ಬೇಡ ಅಂತ ಇವರು ನನ್ನ ಹತ್ರ ಮಾತು ತಗೊಂಡಿದ್ರು. ಬೆಂಕಿ ಹತ್ತದೆ ಇದ್ದಾಗ ನಾನೂ... ನಾನೂ ತಪ್ಪು ತಿಳ್ಕೊಂಡೆ."

ಅಮ್ಮ ಆವತ್ತು ಪೆಪ್ಪರ್‌ಮೆಂಟು ಕೊಟ್ಟಿದ್ದಳು ಎಂದೂ ಸೇರಿಸಿದ. ಅದನ್ನು ಯಾರೂ ಕೇಳಿರಲಿಲ್ಲ.

ನಾನು ತಮ್ಮನ ಮುಂದೆ ಹೋಗಿ ನಿಂತೆ. ತಪ್ಪಾಯ್ತು ಕಣೋ ಎಂದೆ. ಚಿಕ್ಕಂದಿನಲ್ಲಿ ಅವನ ಗಾಳಿಪಟ ಹರಿದಾಗಲೂ ನಾನು ಆ ಮಾತನ್ನು ಹೇಳಿದವಳಲ್ಲ. ಅವನು ಮುಷ್ಟಿ ಬಿಚ್ಚಿ ಅರಗಿನ ಚೂರನ್ನು ನನ್ನ ಕೈಗೆ ಹಾಕಿದ.

"ಕೆಲಸ ಚೆನ್ನಾಗಿತ್ತಕ್ಕ," ಎಂದ. ನಗಲಿಲ್ಲ.

ಮಗಳು ಅವನ ಬಳಿ ಬಂದು, ಅವನ ತೋಳಿಗೆ ಹಣೆ ಹಚ್ಚಿ ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು. ಬಯ್ಯುತ್ತಾಳೆಂದು ನಾನು ಗಟ್ಟಿಯಾದೆ. "ಅತ್ತೆ, ನೀನೂ ನಂಬಲಿಲ್ಲ, ನಾನೂ ನಂಬಲಿಲ್ಲ," ಎಂದಳು. ಬೈದಿದ್ದರೆ ವಾಸಿಯಿತ್ತು.

ಬೀಗ ವಿನೆಗರ್ ಬಾಟಲಿಯನ್ನು ಎತ್ತಿ, ಲೇಬಲ್ ನೋಡಿ, ಮೂಸಿ, ಹೆಂಡತಿಗೆ ಏನೋ ಅಂದರು. ಬೀಗಿತ್ತಿ ಅಳುತ್ತಿದ್ದವಳು ಫಕ್ಕನೆ ನಕ್ಕಳು. ಹುಡುಗ ಅದನ್ನೂ ತಿರುಗಿಸಲಿಲ್ಲ, ಆದರೆ ಅವನ ಕಿವಿ ಕೆಂಪಾಯಿತು. ಬೀಗರು ಕಂಚಿನ ತಟ್ಟೆಯನ್ನು ಒರೆಸಿ, ಆ ವಿನೆಗರ್ ಬಾಟಲಿಯನ್ನೇ ತಮ್ಮನ ಕಡೆ ತಳ್ಳಿದರು. ಸುರಿಯುವವನು ಹುಡುಗಿಯ ಅಪ್ಪ.

ಅಂದರೆ ನಾನು ಹದಿನಾಲ್ಕು ತಿಂಗಳು ದೂರ ಇಟ್ಟದ್ದು ಈಗ ಅವನ ಕೈಗೆ ಬರಬೇಕು, ಬಟ್ಟಲು ಅವನ ಮೂಗಿನ ಹತ್ತಿರದಲ್ಲಿ ತುಂಬಬೇಕು, ಬೆರಳಿಗೆ ತಾಗಬೇಕು. ಅವನು ಬಾಟಲಿಯ ಕತ್ತಿಗೆ ಕೈ ಹಾಕಿದ. ಅದನ್ನು ನೋಡಿದ ಕೂಡಲೇ ನನ್ನ ಕಣ್ಣು ತನ್ನ ಕೆಲಸಕ್ಕೆ ಇಳಿಯಿತು. ಬಾಟಲಿಯ ಮಟ್ಟ, ಬಟ್ಟಲಿನ ಮಟ್ಟ, ಅವನ ತುಟಿ. ನನ್ನ ಎಡಗೈ ತಾನಾಗಿ ಅರ್ಧ ಮೇಲೆದ್ದಿತ್ತು.

ಕೈಯನ್ನು ಇಳಿಸಿದೆ. ಕಿಟಕಿಯ ಕಡೆ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ ನಿಂತೆ.

ಹೊರಗೆ ಒಬ್ಬಳು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಳು. ಹಿಂದೆ ಕಡ್ಡಿ ಗೀರಿದ ಸದ್ದು, ಆಮೇಲೆ ಮೆಲ್ಲಗೆ ಭುಗ್ ಎಂದು ಹತ್ತಿಕೊಂಡ ಸದ್ದು. ನೆರೆಯವರು ಓಹ್ ಎಂದರು. ಬಟ್ಟಲಿಗೆ ಸುರಿಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು.

"ಅಕ್ಕ," ಎಂದು ತಮ್ಮ ಕರೆದ. "ಈ ಕಡೆ ತಿರುಗು. ನೀನು ನೋಡದೆ ಇದ್ರೆ ಹೆಂಗೆ."

"ಬೇಡ," ಎಂದೆ. "ನೀನೇ ನೋಡ್ಕೋ."

ಬೀಗರು ಗುಟುಕರಿಸಿದ್ದು ಕೇಳಿಸಿತು, ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಖಾಲಿ ಬಟ್ಟಲು ಮೇಜಿನ ಮೇಲೆ ಕೂತಿತು. ಮಗಳು ಉಂಗುರವನ್ನು ಎತ್ತಿಕೊಂಡ ಸದ್ದೂ ಕೇಳಿಸಿತು. ನಾನು ಸೈಕಲ್ಲಿನವಳು ಪಂಪು ಮಡಚಿ, ಟೈರನ್ನು ಒತ್ತಿ ನೋಡಿ, ಹತ್ತಿ ಹೋಗುವವರೆಗೂ ಅವಳನ್ನೇ ನೋಡುತ್ತ ನಿಂತೆ.